ಸ್ಪೀಡ್ ಪೋಸ್ಟ್‌ನಲ್ಲಿ ಹೊರಟ ಅಪ್ಪೆಮಿಡಿ ಕಸಿಕಡ್ಡಿ: ನಡುದಾರಿಯಲ್ಲಿ ತಡೆಯಬಹುದೇ?

ಹೊಸನಗರದ ಕಸಿಗಾರ:
ನಿನ್ನೆ ಮಧ್ಯಾಹ್ನ ಮೈಸೂರಿನ ಗೆಳೆಯರೊಬ್ಬರಿಗೆ ಹನ್ನೆರಡು ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವು) ಕಸಿಕಡ್ಡಿಗಳನ್ನು, ಅಂದರೆ ಬೇರೆ ಸಸಿಗೆ ಕಸಿ ಕಟ್ಟಲು ಕಡಿದ ರೆಂಬೆ ತುಂಡುಗಳನ್ನು, ನಮ್ಮೂರಿನ ಶಾಖಾ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿದೆ. ಹೊಳೆಯಂಚಿನ ಹಳೆಯ ಮರದ ಕಡ್ಡಿಗಳು ಅವು. ಈ ಮಳೆಗೆ ಬುಡದ ಮಣ್ಣು ಕೊಚ್ಚಿಹೋಗುತ್ತಿದೆ. ಮರ ಉರುಳುವ ಮೊದಲು ತಳಿ ನಾಲ್ಕು ಕಡೆ ಉಳಿಯಲಿ ಎಂದು ಕಳುಹಿಸಿದ್ದು.

ಇಂದು ಬೆಳಿಗ್ಗೆ ಫೋನ್ ಮಾಡಿದರೆ ಗೆಳೆಯರು ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ಶಿವಮೊಗ್ಗದಲ್ಲೇ ಇದ್ದಾರೆ! ಮೈಸೂರಿನ ಮನೆಗೆ ಇನ್ನು ಹತ್ತು ದಿನ ಬೀಗ. ಕಳುಹಿಸುವ ಮುನ್ನ ಕೇಳದಿದ್ದದ್ದು ನನ್ನದೇ ತಪ್ಪು. ಕಟ್ಟು ಶಿವಮೊಗ್ಗದಿಂದ ಹೊರಟಾಗಿದೆ ಎಂದು ಟ್ರ್ಯಾಕಿಂಗ್ ತೋರಿಸುತ್ತಿದೆ. ಅದನ್ನು ತಿರುಗಿಸಿ ಶಿವಮೊಗ್ಗಕ್ಕೇ ತರಿಸಲು ದಾರಿ ಇದೆಯೇ? ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್‌ನಲ್ಲಿ ಕಟ್ಟಿದ್ದೇನೆ, ಆದರೂ ದಿನಗಳು ಲೆಕ್ಕದ್ದು.

ಸಾಗರದ ತೋಟ:
ಗೆಳೆಯರು ಬೇಡವೆಂದು ತಿರಸ್ಕರಿಸಿದರೆ ನಿಮ್ಮ ವಿಳಾಸಕ್ಕೇ ವಾಪಸ್ ಬರುತ್ತದೆ. ನಾನು ಒಮ್ಮೆ ಪುಸ್ತಕದ ಕಟ್ಟನ್ನು ಹಾಗೆಯೇ ಹಿಂದಕ್ಕೆ ಪಡೆದೆ.

ನಿವೃತ್ತ ಅಂಚೆಯಣ್ಣ:
ಪುಸ್ತಕಕ್ಕೆ ಅದು ಸರಿ. ಕಸಿಕಡ್ಡಿಗೆ ಬೇಡ, ಹೋಗಿ ಬರುವಷ್ಟರಲ್ಲಿ ಒಣಗಿರುತ್ತದೆ.

ನಾನು ಶಾಖಾ ಕಚೇರಿಯಲ್ಲಿದ್ದವನು, ಅದರ ಒಳಗಿನ ಕ್ರಮ ಹೇಳುತ್ತೇನೆ. ಕಟ್ಟು ನಿಮ್ಮೂರಿನ ಕಚೇರಿಯಲ್ಲೇ ಇದ್ದಾಗ ಹೋಗಿದ್ದರೆ ಕೆಲಸ ಸುಲಭವಾಗಿತ್ತು. ಚೀಲ ಕಟ್ಟಿ ಮೊಹರು ಬಿದ್ದ ಮೇಲೆ ಅದು ಸೇರಬೇಕಾದ ಕಡೆ ಸೇರುವವರೆಗೆ ನಡುವೆ ಯಾರೂ ಬಿಚ್ಚುವುದಿಲ್ಲ. ವಿಂಗಡಣೆ ನಡೆಯುವುದು ಪಿನ್ ಕೋಡ್ ನೋಡಿ. ಶಿವಮೊಗ್ಗದ ಕಡೆಯದು 577, ಮೈಸೂರಿನದು 570. ನಿಮ್ಮ ಕಟ್ಟು ಈಗ 570ರ ಚೀಲದಲ್ಲಿದೆ, ಅರಸೀಕೆರೆಯಲ್ಲಿ ನಿಂತು ಕೂಗಿದರೂ ಅದು ಇಳಿಯುವುದಿಲ್ಲ.

ಕಳುಹಿಸಿದವರಿಗೆ ವಾಪಸ್ ಪಡೆಯುವ ಹಕ್ಕು ಇದೆ. ವಿತರಣೆಯಾಗುವ ಮುನ್ನ, ಬುಕ್ ಮಾಡಿದ ಕಚೇರಿಯಲ್ಲಿ ಮೂಲ ರಸೀದಿ ಮತ್ತು ಗುರುತಿನ ಚೀಟಿಯೊಂದಿಗೆ ಲಿಖಿತ ಅರ್ಜಿ ಕೊಡಬೇಕು. ರಸೀದಿಯ ಹದಿಮೂರು ಅಕ್ಷರ-ಅಂಕಿಗಳ ಸಂಖ್ಯೆಯನ್ನು ಅರ್ಜಿಯಲ್ಲಿ ತಪ್ಪಿಲ್ಲದೆ ಬರೆಯಿರಿ. ಆದರೆ ಸಂದೇಶ ವಿತರಣಾ ಕಚೇರಿಗೆ ಮುಟ್ಟುವ ಮೊದಲೇ ಪೋಸ್ಟ್‌ಮ್ಯಾನ್ ಬೀದಿಗೆ ಇಳಿದರೆ ಅರ್ಜಿ ವ್ಯರ್ಥ.

ಆದ್ದರಿಂದ ಗೆಳೆಯರಿಗೆ ಈಗಲೇ ಫೋನ್ ಮಾಡಿ. ಮಾತು ನಡೆಯಬೇಕಾದದ್ದು ಮೈಸೂರಿನ ವಿತರಣಾ ಕಚೇರಿಯಲ್ಲಿ, ಅದೂ ಪಡೆಯುವವರ ಕಡೆಯಿಂದ. ನಂಬುವ ನೆರೆಯವರೊಬ್ಬರ ಹೆಸರಿಗೆ ಅವರು ಸಹಿ ಮಾಡಿದ ಒಪ್ಪಿಗೆ ಪತ್ರ ಕೊಡಲಿ. ಆ ಪತ್ರ ಮತ್ತು ತಮ್ಮ ಗುರುತಿನ ಚೀಟಿ ಹಿಡಿದು ನೆರೆಯವರು ಬೆಳಿಗ್ಗೆ ಬೇಗ ಕಚೇರಿಗೆ ಹೋಗಲಿ, ಪೋಸ್ಟ್‌ಮ್ಯಾನ್ ಹೊರಡುವ ಮುನ್ನ. ಒಪ್ಪುವುದು ಪೋಸ್ಟ್‌ಮಾಸ್ಟರರ ವಿವೇಚನೆ, ಆದರೆ ಜೀವವಿರುವ ಕಡ್ಡಿಗಳೆಂದು ಬಿಡಿಸಿ ಹೇಳಿದರೆ ಕಿವಿಗೊಡುತ್ತಾರೆ. ಬೀಗ ಕಂಡು ಪೋಸ್ಟ್‌ಮ್ಯಾನ್ ಹಿಂದಿರುಗಿದರೂ ಕಟ್ಟು ಸಾಮಾನ್ಯವಾಗಿ ಏಳು ದಿನ ಕಚೇರಿಯಲ್ಲೇ ಇರುತ್ತದೆ. ನಿಮ್ಮ ಕಡ್ಡಿಗಳಿಗೆ ಅಷ್ಟು ಪುರುಸೊತ್ತು ಇಲ್ಲ. ಅನುಮಾನವಿದ್ದರೆ ಅಂಚೆ ಇಲಾಖೆಯ ಉಚಿತ ಸಹಾಯವಾಣಿ 1800 266 6868.

ಕೈಗೆ ಬಂದ ಮೇಲೆ ಅಂಚೆಯನ್ನು ಮತ್ತೆ ನಂಬಿ ಕಾಯಬೇಡಿ. ಬಟ್ಟೆ ಮತ್ತೆ ಒದ್ದೆ ಮಾಡಿ, ರಾತ್ರಿಯ ಸಾರಿಗೆ ಬಸ್ಸಿಗೆ ಪಾರ್ಸೆಲ್ ಹಾಕಿಸಿ. 2021ರಿಂದ ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' ಇದೆ. ಗೆಳೆಯರು ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಹೋಗಿ ಪಡೆಯಲಿ.

ಹೊಸನಗರದ ಕಸಿಗಾರ:
ಅಂಚೆಯಣ್ಣನವರೇ, ಈಗ ಗೆಳೆಯರೊಂದಿಗೆ ಮಾತಾಡಿದೆ. ಎದುರು ಮನೆಯ ಶಿಕ್ಷಕರು ಹೋಗಲು ಒಪ್ಪಿದ್ದಾರೆ. ಆದರೆ ಆಸ್ಪತ್ರೆಯಲ್ಲಿರುವವರು ಕಸಿ ಕಟ್ಟುವುದೆಲ್ಲಿ ಎಂಬುದು ಹೊಸ ಚಿಂತೆ.

ಸಾಗರದ ತೋಟ:
ಶಿವಮೊಗ್ಗದ ಹತ್ತಿರ ನನ್ನ ಭಾವನವರ ತೋಟವಿದೆ. ಕಡ್ಡಿ ಕಟ್ಟಲು ಬೇಕಾದ, ಪೆನ್ಸಿಲ್ ದಪ್ಪದ ಕಾಟುಮಾವಿನ ಬೇರುಸಸಿಗಳು ಚೀಲದಲ್ಲಿ ಸಿದ್ಧವಾಗಿವೆ. ಅಲ್ಲೇ ಕಟ್ಟಿ ಇರಿಸುತ್ತೇವೆ, ತಾಯಿ ಗುಣವಾದ ಮೇಲೆ ನಿಮ್ಮ ಗೆಳೆಯರು ಗಿಡಗಳನ್ನೇ ಒಯ್ಯಲಿ.

ಹೊಸನಗರದ ಕಸಿಗಾರ (ಮೂರು ವಾರಗಳ ನಂತರ):
ಬರೆಯಲು ತಡವಾಯಿತು, ಕ್ಷಮಿಸಿ. ಕಟ್ಟು ಮೈಸೂರು ತಲುಪಿದ ಬೆಳಿಗ್ಗೆಯೇ ಶಿಕ್ಷಕರು ಅದನ್ನು ಪಡೆದರು. ಒಪ್ಪಿಗೆ ಪತ್ರದ ಜೊತೆಗೆ ಪೋಸ್ಟ್‌ಮಾಸ್ಟರರು ಗೆಳೆಯರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡರಂತೆ. ಕಟ್ಟಿನ ಮೇಲೆ ಗೆಳೆಯರ ಮೊಬೈಲ್ ಸಂಖ್ಯೆ ಬರೆದಿದ್ದದ್ದು ಆಗ ನೆರವಾಯಿತು. ಅದೇ ರಾತ್ರಿ ಬಸ್ಸು ಹತ್ತಿಸಿದರು. ಮರುದಿನ ಭಾವನವರು ಮಳೆಯಲ್ಲೇ ಸೋಗೆಯ ಚಪ್ಪರದ ಕೆಳಗೆ ಕುಳಿತು ಹನ್ನೆರಡನ್ನೂ ಕಟ್ಟಿದರು. ಮೂರು ಕಪ್ಪಾಗಿವೆ. ಒಂಬತ್ತರಲ್ಲಿ ಕೆಂಪು ಚಿಗುರು ಒಡೆದಿದೆ, ನಿನ್ನೆ ಚಿತ್ರ ಕಳುಹಿಸಿದ್ದಾರೆ.

ಮರ ಇನ್ನೂ ನಿಂತಿದೆ. ಮುಂದಿನ ವಾರ ಇನ್ನಷ್ಟು ಕಡ್ಡಿ ಕಡಿಯುತ್ತೇನೆ. ಬೇರುಸಸಿ ಸಿದ್ಧವಿದ್ದು, ಬರುವ ಹದಿನೈದು ದಿನ ಮನೆಯಲ್ಲೇ ಇರುವವರು ಇಲ್ಲಿ ತಿಳಿಸಿ. ಈ ಬಾರಿ ಫೋನ್ ಮಾಡಿದ ಮೇಲೆಯೇ ಅಂಚೆಗೆ ಹಾಕುತ್ತೇನೆ.