ಸಹಾಯ ಬೇಕು: ಈ ಗೊಂಬೆಯ ಶಿರಸ್ತ್ರಾಣ ಅಸಲಿಯೋ, ನಕಲಿಯೋ?

ನಮಸ್ಕಾರ. ನಾನು ಮೈಸೂರಿನವನು, ಸದ್ಯ ಇರುವುದು ಅಮೆರಿಕದ ಸಿನ್ಸಿನಾಟಿಯಲ್ಲಿ. ಹಳೆಯ ಸ್ಟಾರ್ ವಾರ್ಸ್ ಚಲನಚಿತ್ರದ ಗೊಂಬೆಗಳನ್ನು ಹೊರತಂದ ಕೆನ್ನರ್ ಕಂಪನಿಯ ತವರಾಗಿದ್ದದ್ದು ಇದೇ ಊರು. ಹೋದ ವಾರ ಒಬ್ಬರ ಮನೆಯಂಗಳದ ಮಾರಾಟದಲ್ಲಿ ಒಂದು ಶೂ ಡಬ್ಬಿಯ ತುಂಬ ಗೊಂಬೆಗಳು ಸಿಕ್ಕವು. ಅವುಗಳಲ್ಲಿ ಎರಡು 1985ರ 'ಪವರ್ ಆಫ್ ದಿ ಫೋರ್ಸ್' ಸರಣಿಯವು: ಸ್ಟಾರ್ಮ್‌ಟ್ರೂಪರ್ ಎಂಬ ಶತ್ರು ಸೈನಿಕನ ವೇಷದ ನಾಯಕ ಲ್ಯೂಕ್, ಕತ್ತಿ ಮೇಲೇಳುವ ರೋಬೋಟ್ ಆರ್2-ಡಿ2. ಕೊನೆಯದಾಗಿ ಬಂದ ಹದಿನೇಳು ಗೊಂಬೆಗಳಾದ್ದರಿಂದ ಸಂಗ್ರಾಹಕರು 'ಕೊನೆಯ ಹದಿನೇಳು' ಎನ್ನುವ ಗುಂಪಿನವು ಇವು. ಮಕ್ಕಳ ಉತ್ಸಾಹ ಇಳಿದ ಮೇಲೆ ಬಂದದ್ದರಿಂದ ಆಗ ಕೊಂಡವರು ಕಡಿಮೆ, ಈಗ ಹುಡುಕುವವರು ಹೆಚ್ಚು.

ಗೊಂಬೆಗಳ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನವಿರುವುದು ಲ್ಯೂಕನ ಬಿಳಿ ಶಿರಸ್ತ್ರಾಣ ಮತ್ತು ಆರ್2ನ ಹಸಿರು ಕತ್ತಿಯ ಮೇಲೆ. ಮಕ್ಕಳು ಮೊದಲು ಕಳೆಯುವುದೇ ಇಂಥವನ್ನು. ಹಾಗಾಗಿ ಇವುಗಳ ನಕಲು ಧಾರಾಳವಾಗಿ ಸಿಗುತ್ತದೆ. ಅಸಲಿಯಾದರೆ ತೇಲುತ್ತದೆ ಎನ್ನುತ್ತಾರೆಂದು ಕತ್ತಿಯನ್ನು ನೀರಿನಲ್ಲಿ ಬಿಟ್ಟು ನೋಡಿದೆ, ತೇಲಿತು. (ಸಾರಿನ ಬಟ್ಟಲಿನಲ್ಲಿ ಪರೀಕ್ಷೆ ಮಾಡಿದ್ದಕ್ಕೆ ಹೆಂಡತಿ ಇನ್ನೂ ಮುನಿಸಿಕೊಂಡಿದ್ದಾಳೆ.) ಆದರೆ ಅದೊಂದನ್ನೇ ನಂಬುವಂತಿಲ್ಲ ಎಂದು ಬಲ್ಲವರು ಹೇಳುತ್ತಾರೆ.

ಬಾಲ್ಯದಿಂದ ತಮ್ಮ ಬಳಿಯೇ ಇರುವ ಅಸಲಿ ಶಿರಸ್ತ್ರಾಣ ಯಾರಲ್ಲಾದರೂ ಇದೆಯೇ? ಅದರ ಒಳಭಾಗ ಮತ್ತು ಅಂಚಿನ ಚಿತ್ರ ಹಾಕುವಿರಾ? ಓರೆ ಬೆಳಕಿನಲ್ಲಿ ತೆಗೆದರೆ ಅಚ್ಚಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ನನ್ನವುಗಳ ಚಿತ್ರ ಕೆಳಗಿದೆ. ಬೆಲೆ ಹೇಳುವುದು ಬೇಡ, ಇವನ್ನು ಮಾರುವುದಿಲ್ಲ.