ಡಾಕ್ಟ್ರನ್ನ ಕೇಳಿ: ಮತದಾನಕ್ಕೆ ಮುಂಚೆ ಆಸ್ಪತ್ರೆಯ ಮಾತು (ಗದಗ ಜಿಲ್ಲೆಯ ವಾಟ್ಸಾಪ್ ಗ್ರೂಪ್, ಏಪ್ರಿಲ್ 2024)

ಡಾಕ್ಟ್ರು: ಮೇ 7ಕ್ಕೆ ನಮ್ಮಲ್ಲಿ ಲೋಕಸಭೆಗೆ ಮತದಾನ. ಬಿಜೆಪಿ 70 ವರ್ಷ ದಾಟಿದ ಎಲ್ಲರಿಗೂ ಆಯುಷ್ಮಾನ್ ಕಾರ್ಡಿನ ಉಚಿತ ಚಿಕಿತ್ಸೆ ಅಂತಿದೆ. ಕಾಂಗ್ರೆಸ್ 25 ಲಕ್ಷದವರೆಗೆ ವಿಮೆ ಅಂತಿದೆ. ಏನು ಕೇಳೋದಿದ್ದರೂ ಕೇಳಿ. ಪಕ್ಷದ ಜಗಳ ಮಾತ್ರ ಬೇಡ.

ಮುಂಡರಗಿ ಸದಸ್ಯ: ನಮಸ್ಕಾರ ಸರ್. ಈಗ ಆಯುಷ್ಮಾನ್ ಕಾರ್ಡಿಗೆ ಎಷ್ಟು ಸಿಗುತ್ತದೆ?

ಡಾಕ್ಟ್ರು: ಬಿಪಿಎಲ್ ಆದರೆ ಮನೆಮಂದಿಗೆಲ್ಲ ಸೇರಿ ವರ್ಷಕ್ಕೆ 5 ಲಕ್ಷ. ಎಪಿಎಲ್ ಆದರೆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ.

ಶಿರಹಟ್ಟಿ ಸದಸ್ಯ: ಶುಗರ್ ಮಾತ್ರೆ ಕಾರ್ಡಲ್ಲಿ ಬರುತ್ತಾ ಸರ್?

ರೋಣದ ಸದಸ್ಯೆ: ಸರ್, ಮಾವನವರಿಗೆ 68. ಮುಂಜಾನೆ ಎದೆ ನೋವು ಬಂತು. ಖಾಸಗಿ ಆಸ್ಪತ್ರೆಯಲ್ಲಿ ಮೊದಲು 50 ಸಾವಿರ ಕಟ್ಟಿ ಅಂದರು. ಎಲ್ಲಿಂದ ತರೋಣ, ವಾಪಸ್ ಬಂದೆವು. ಗ್ಯಾಸ್ ಇರಬೇಕು ಅಂತ ಗ್ರೂಪಲ್ಲಿ ಬಂದಿದ್ದ ಬೆಳ್ಳುಳ್ಳಿ ಕಷಾಯ ಕೊಟ್ಟೆವು. ಈಗ ಎಡಗೈ ನೋವು, ಬೆವರು. ಹಾಗೆ ಕಳಿಸೋ ಹಕ್ಕು ಅವರಿಗಿದೆಯಾ?

ಡಾಕ್ಟ್ರು: ಅಕ್ಕಾ, ಹಕ್ಕಿನ ಮಾತು ಆಮೇಲೆ. ಈಗಲೇ 108ಕ್ಕೆ ಫೋನ್ ಮಾಡಿ. ಅವರನ್ನ ನಡೆಸಬೇಡಿ. ಕಷಾಯ ಚೆಲ್ಲಿ. ರೋಣದ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆಸಿ. ಅಲ್ಲಿಂದ ದೊಡ್ಡ ಸರ್ಕಾರಿ ಆಸ್ಪತ್ರೆಗೆ, ಗದಗ ಜಿಮ್ಸೋ ಹುಬ್ಬಳ್ಳಿ ಕಿಮ್ಸೋ, ಅವರು ಹೇಳಿದಲ್ಲಿಗೆ ಹೋಗಿ. ತುರ್ತು ಇದ್ದರೆ ಕಾರ್ಡಿಗೆ ರೆಫರಲ್ ಚೀಟಿ ಬೇಡ. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತದೆ.

ಉಳಿದದ್ದು ಗಾಡಿ ಹತ್ತಿದ ಮೇಲೆ ಓದಿ. ತುರ್ತಿನಲ್ಲಿ ಮುಂಗಡ ಕಟ್ಟಿದರೇ ಚಿಕಿತ್ಸೆ ಅನ್ನೋ ಹಾಗಿಲ್ಲ, ಖಾಸಗಿ ಆಸ್ಪತ್ರೆಗಳಿಗಿರೋ ನಮ್ಮ ರಾಜ್ಯದ ಕೆಪಿಎಂಇ ಕಾಯ್ದೆಯಲ್ಲೇ ಇದೆ. ಡಿಎಚ್‌ಒ, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಡಿ. ಬಂಗಾಳದಲ್ಲಿ ರೈಲಿಂದ ಬಿದ್ದ ಕೂಲಿಯೊಬ್ಬನನ್ನ ಸರ್ಕಾರಿ ಆಸ್ಪತ್ರೆಗಳು ಬೆಡ್ ಇಲ್ಲ ಅಂತ ಅಲೆದಾಡಿಸಿದ್ದವು. ಅದು ಬದುಕೋ ಹಕ್ಕನ್ನೇ, ಅಂದರೆ 21ನೇ ವಿಧಿಯನ್ನೇ ಮುರಿದಂತೆ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಆರೋಗ್ಯದ ಹಕ್ಕು ಅಂತ ಸಂವಿಧಾನದಲ್ಲಿ ಬೇರೆ ವಿಧಿ ಇಲ್ಲ. 47ನೇ ವಿಧಿ ಸರ್ಕಾರದ ಕರ್ತವ್ಯ ಅನ್ನುತ್ತದೆ ಅಷ್ಟೇ. ರಾಜಸ್ಥಾನ 2023ರಲ್ಲಿ ಆರೋಗ್ಯದ ಹಕ್ಕಿಗೇ ಕಾಯ್ದೆ ಮಾಡಿತು. ವೋಟು ಕೇಳಲು ಬಂದವರನ್ನ ಎಷ್ಟು ಲಕ್ಷ ಅಂತ ಕೇಳಬೇಡಿ. ರಾತ್ರಿ ಎರಡಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಯಾರಿರುತ್ತಾರೆ ಅಂತ ಕೇಳಿ.

ನರಗುಂದ ಸದಸ್ಯ: ಜೋರಾಗಿ ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ, ಎಲ್ಲರಿಗೂ ಕಳಿಸಿ 🙏

ಡಾಕ್ಟ್ರು: ಡಿಲೀಟ್ ಮಾಡಿ. ಇಂಥದ್ದನ್ನ ನಂಬಿ ಮನೆಯಲ್ಲೇ ಕೂತವರನ್ನ ನಾನು ನೋಡಿದ್ದೇನೆ.

ನರಗುಂದ ಸದಸ್ಯ: ಸುಮ್ನೆ ಒಳ್ಳೇದಕ್ಕೆ ಹಾಕಿದೆ. ಆಯುಷ್ಮಾನ್ 2018ರಲ್ಲಿ ಕೊಟ್ಟವರು ಯಾರು, ಅದನ್ನ ಹೇಳಿ ಮೊದಲು.

ಲಕ್ಷ್ಮೇಶ್ವರ ಸದಸ್ಯ: ಇಲ್ಲಿ ದುಡ್ಡಲ್ಲಿ ರಾಜ್ಯದ್ದೂ ಪಾಲಿದೆ ರೀ. ರಾಜ್ಯದ ಯಶಸ್ವಿನಿ ಆರೋಗ್ಯ ಯೋಜನೆ ಅದಕ್ಕೂ ಮುಂಚೆಯೇ ಇತ್ತು.

ನರಗುಂದ ಸದಸ್ಯ: ನಿಮಗೆ ಯಾರು ಕೇಳಿದರು?

ಮುಳಗುಂದ ಸದಸ್ಯೆ: ಸರ್, ಬಿಪಿಎಲ್‌ಗೆ ಎಷ್ಟು ಲಕ್ಷ?

ಡಾಕ್ಟ್ರು: ಮೇಲಿದೆ.

ಲಕ್ಷ್ಮೇಶ್ವರ ಸದಸ್ಯ: ಗ್ರೂಪ್ ನಿಮ್ಮಪ್ಪಂದಾ?

ಡಾಕ್ಟ್ರು: ಇಬ್ಬರೂ ಬಾಯಿ ಮುಚ್ಚಿ. ರೋಣದ ಅಕ್ಕಾ, ಎಲ್ಲಿದ್ದೀರಿ?

ರೋಣದ ಸದಸ್ಯೆ: ಇಸಿಜಿ ಆಯಿತು ಸರ್. ಹಾರ್ಟ್ ಅಟ್ಯಾಕೇ ಅಂತ. ಗದಗಕ್ಕೆ ಹೊರಟೆವು.

ಡಾಕ್ಟ್ರು: ಇಸಿಜಿ ಕಾಗದ ಕೈಯಲ್ಲೇ ಇರಲಿ. ನಾನು ಜಿಮ್ಸ್‌ಗೆ ಫೋನ್ ಮಾಡುತ್ತೇನೆ.

ಶಿರಹಟ್ಟಿ ಸದಸ್ಯ: ಸರ್, ಶುಗರ್ ಮಾತ್ರೆ?