ಸ್ಟಾರ್ ವಾರ್ಸ್ ನಿರ್ಮಾಪಕ ಬೇರೆಯವರು, ಹಾಗಾದರೆ ಅಲನ್ ಲ್ಯಾಡ್ ಜೂನಿಯರ್‌ಗೆ ಶ್ರೇಯ ಯಾಕೆ?

ರಥಬೀದಿ: ಉಡುಪಿಯ ನಮ್ಮ ಸಿನಿಮಾ ಬಳಗದಲ್ಲಿ ಮುಂದಿನ ಚರ್ಚೆ ಹಾಲಿವುಡ್‌ನ ಫಾಕ್ಸ್ ಸ್ಟುಡಿಯೋದ ಮುಖ್ಯಸ್ಥರಾಗಿದ್ದ ಅಲನ್ ಲ್ಯಾಡ್ ಜೂನಿಯರ್ (1937–2022) ಕುರಿತು. ಸ್ಟಾರ್ ವಾರ್ಸ್ ನಿರ್ಮಾಪಕ ಗ್ಯಾರಿ ಕರ್ಟ್ಸ್. ಆದರೂ ಲ್ಯಾಡ್ ಇಲ್ಲದಿದ್ದರೆ ಆ ಚಿತ್ರವೇ ಇಲ್ಲ ಅಂತಾರೆ. ಸ್ಟುಡಿಯೋ ಮುಖ್ಯಸ್ಥ ಅಂದರೆ ನಮ್ಮ ಯಕ್ಷಗಾನ ಮೇಳದ ಯಜಮಾನರ ಹಾಗೆಯೋ?

ಚೌಕಿಮನೆ: ಅರ್ಧ ಸರಿ. ಯಾವ ಪ್ರಸಂಗ ರಂಗಕ್ಕೆ ಹೋಗಬೇಕು ಅಂತ ನಿರ್ಧರಿಸುವವರೆಗೆ ಇಬ್ಬರೂ ಒಂದೇ. ಆದರೆ ಡೇರೆ ಮೇಳದ ಯಜಮಾನರು ಹಾಕುವುದು ಸ್ವಂತ ದುಡ್ಡು. ಮಳೆ ಬಂದು ಟಿಕೆಟ್ ಹೋಗದಿದ್ದರೆ ನಷ್ಟ ಅವರ ಮನೆಗೇ. ಲ್ಯಾಡ್ ಸಂಬಳದವರು. ಹಣ ಕಂಪನಿಯದ್ದು, ಸೋತರೆ ಹೋಗುವುದು ಕುರ್ಚಿ.

ಕೆಲಸ ನಡೆಯುವ ಕ್ರಮ ಹೀಗೆ: ಮೊದಲು ಚಿತ್ರಕಥೆ ಬರೆಯಲಿಕ್ಕೆ ಕಂತಿನಲ್ಲಿ ಹಣ. ಪ್ರತಿ ಕರಡು ಬಂದಾಗಲೂ ಸ್ಟುಡಿಯೋ ಕೈಬಿಡಬಹುದು. ಬಜೆಟ್ ಕುದುರಿದ ಮೇಲಷ್ಟೇ ಶೂಟಿಂಗ್‌ಗೆ ಹಸಿರು ನಿಶಾನೆ. ಯುನಿವರ್ಸಲ್, ಯುನೈಟೆಡ್ ಆರ್ಟಿಸ್ಟ್ಸ್ ಎರಡೂ ಬೇಡವೆಂದ ಕಥಾಸಾರಕ್ಕೆ 1973ರಲ್ಲಿ ಫಾಕ್ಸ್‌ನಲ್ಲಿ ಹೂಂ ಅಂದವರು ಲ್ಯಾಡ್. ಖರ್ಚು ಏರುತ್ತಾ ಸುಮಾರು 1.1 ಕೋಟಿ ಡಾಲರಿಗೆ ಮುಟ್ಟಿದಾಗ, ನಂಬಿಕೆಯಿಲ್ಲದ ಆಡಳಿತ ಮಂಡಳಿಯೆದುರು ಚಿತ್ರದ ಪರ ನಿಂತವರೂ ಅವರೇ. ನಿಜವಾದ ಕೆಲಸ ಇದೇ. ಹೂಂ ಅನ್ನುವುದು ಸುಲಭ ಮಾರಾಯ್ರೆ.

ರೀಲುಪೆಟ್ಟಿಗೆ, ಮಂಗಳೂರು: ಫಾಕ್ಸ್ ಕಳೆದುಕೊಂಡದ್ದನ್ನೂ ಹೇಳಿ. ಬರವಣಿಗೆ, ನಿರ್ದೇಶನ ಸೇರಿ ಸ್ಟಾರ್ ವಾರ್ಸ್ ನಿರ್ದೇಶಕ ಜಾರ್ಜ್ ಲೂಕಾಸ್‌ಗೆ 1.5 ಲಕ್ಷ ಡಾಲರ್ ನಿಗದಿಯಾಗಿತ್ತು. ಹಿಂದಿನ ಚಿತ್ರ ಗೆದ್ದ ಮೇಲೂ ಅವರು ಸಂಭಾವನೆ ಏರಿಸಿ ಅನ್ನಲಿಲ್ಲ. ಮುಂದಿನ ಭಾಗಗಳ ಹಕ್ಕು, ಆಟಿಕೆ-ಅಂಗಿಗಳ ಹಕ್ಕು ಕೇಳಿದರು. ಆಗ ಅದಕ್ಕೆ ಬೆಲೆಯೇ ಇರಲಿಲ್ಲ. 1977ರ ಕ್ರಿಸ್ಮಸ್‌ಗೆ ಗೊಂಬೆ ತಯಾರಾಗದೆ, ಕೆನ್ನರ್ ಕಂಪನಿ ‘ಆಮೇಲೆ ಕಳಿಸುತ್ತೇವೆ’ ಎಂಬ ಚೀಟಿಯಿದ್ದ ಬರೀ ಲಕೋಟೆ ಮಾರಿತು!

ತುಳು ಚಿತ್ರ ಮಾಡುವವರಿಗೂ ಇದು ಬೇಕು. ಡಬ್ಬಿಂಗ್, ರಿಮೇಕ್, ಟಿವಿ, ಒಟಿಟಿ ಹಕ್ಕುಗಳನ್ನು ಬಿಡಿಬಿಡಿಯಾಗಿ ಬರೆಸಿ. ‘ಸಕಲ ಹಕ್ಕು’ ಅಂತ ಒಂದೇ ಗೆರೆಯಲ್ಲಿ ಮುಗಿಸಬೇಡಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ, ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ತುಳುವಿಗೆ ಗಲ್ಫ್ ಪ್ರದರ್ಶನ ಮುಖ್ಯ, ಅಲ್ಲೇ ಜಗಳ ಹುಟ್ಟುವುದು.

ಚೌಕಿಮನೆ: 1979ರಲ್ಲಿ ಫಾಕ್ಸ್ ಬಿಟ್ಟು ಕಟ್ಟಿದ ಲ್ಯಾಡ್ ಕಂಪನಿಯನ್ನು ಚರ್ಚೆಯಲ್ಲಿ ಬಿಡಬೇಡಿ. ಬ್ಲೇಡ್ ರನ್ನರ್‌ನಲ್ಲಿ (1982) ‘ಖರ್ಚು ಮೀರಿದರೆ ನಾವು ತುಂಬುತ್ತೇವೆ’ ಎಂಬ ಜಾಮೀನು ಟ್ಯಾಂಡಮ್ ಸಂಸ್ಥೆಯದ್ದು. ಖರ್ಚು ಮೀರಿತು, ಚಿತ್ರದ ಹಿಡಿತ ಟ್ಯಾಂಡಮ್ ಕೈಗೆ ಹೋಯಿತು. ಜಾಮೀನು ಅಂದರೆ ಪುಕ್ಕಟೆ ವಿಮೆ ಅಲ್ಲ. 1983ರ ದ ರೈಟ್ ಸ್ಟಫ್ 4 ಆಸ್ಕರ್ ಗೆದ್ದೂ ಹಾಕಿದ ದುಡ್ಡು ತರಲಿಲ್ಲ. ಮರುವರ್ಷ ಪೊಲೀಸ್ ಅಕಾಡೆಮಿ ಎಂಬ ತರಲೆ ಚಿತ್ರ ರಾಶಿ ಹಣ ತಂದಿತು.

ರಥಬೀದಿ: ನಿರ್ಮಾಪಕರಾಗಿ ಅವರ ಹೆಸರಿರುವ ದೊಡ್ಡ ಚಿತ್ರ?

ರೀಲುಪೆಟ್ಟಿಗೆ, ಮಂಗಳೂರು: ಬ್ರೇವ್‌ಹಾರ್ಟ್, 1995. ಎಂಜಿಎಂ ಸ್ಟುಡಿಯೋ ಬಿಡುವಾಗ ಆ ಯೋಜನೆಯನ್ನು ಜತೆಗೇ ಒಯ್ದಿದ್ದರು. ಅತ್ಯುತ್ತಮ ಚಿತ್ರದ ಆಸ್ಕರನ್ನು ಮೆಲ್ ಗಿಬ್ಸನ್, ಬ್ರೂಸ್ ಡೇವಿ ಜತೆ ಹಂಚಿಕೊಂಡರು.